ಸಾ ಮಿಲ್‌ನವರು 'ಒಣಗಿದ ಮರ' ಅಂದರೆ ನಂಬಬೇಡಿ, ಕೊಯ್ಸಿ ನೋಡಿ

ಹಾಸನದ ಸುತ್ತಮುತ್ತ ಹೊಸದಾಗಿ ಮರಗೆಲಸ ಶುರು ಮಾಡುತ್ತಿರುವವರು ಹಲಗೆ ಕೊಳ್ಳುವ ಮೊದಲು ಇದನ್ನು ಓದಿ. ಯಾವ ಉಳಿ ತಗೊಳ್ಳಲಿ, ಯಾವ ಗರಗಸ ತಗೊಳ್ಳಲಿ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಅದಕ್ಕೆ ವಿಡಿಯೋಗಳೂ ಬೇಕಾದಷ್ಟಿವೆ. ನನ್ನ ದುಡ್ಡು ಮುಳುಗಿದ್ದು ಮರದಲ್ಲಿ.

ಮಗಳಿಗೆ ಒಂದು ಓದುವ ಮೇಜು ಮಾಡಬೇಕಿತ್ತು. ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ನೆರಳಿಗೆಂದು ಹಾಕಿದ ಸಿಲ್ವರ್ ಓಕ್ ಧಾರಾಳವಾಗಿ ಸಿಗುತ್ತದೆ. ತೇಗಕ್ಕಿಂತ ತುಂಬಾ ಅಗ್ಗ, ಹಗುರ, ಕಲಿಯುವ ಕೈಗೆ ಒಳ್ಳೆಯದೇ. ಮರದ ಮೇಲೆ ನನಗೆ ದೂರಿಲ್ಲ. ದೂರು ಇರುವುದು ಅದನ್ನು ಮಾರಿದ ಸಾ ಮಿಲ್ ಮೇಲೆ, ಹೆಸರು ಬೇಡ ಬಿಡಿ. "ಎರಡು ವರ್ಷ ಶೆಡ್‌ನಲ್ಲಿ ಒಣಗಿದ ಮಾಲು ಸಾರ್, ಕಣ್ಮುಚ್ಕೊಂಡು ತಗೊಂಡೋಗಿ" ಅಂದರು ಮಾಲೀಕರು. ತೇವ ನೋಡುವ ಮೀಟರ್ ಇದೆಯಾ ಅಂದಿದ್ದಕ್ಕೆ ನಕ್ಕುಬಿಟ್ಟರು. ಕಾಫಿ ಬೀಜ ತೂಕಕ್ಕೆ ಹಾಕುವ ಮುಂಚೆ ತೇವ ಎಷ್ಟು ಅಂತ ಕೇಳುವ ಸೀಮೆ ಇದು, ಮರಕ್ಕೆ ಕೇಳಿದರೆ ಮಾತ್ರ ನಗು! ಹಲಗೆಗಳೇನೋ ನೋಡಲು ನೆಟ್ಟಗೆ, ನುಣ್ಣಗೆ ಇದ್ದವು. ಅಲ್ಲೇ ಪ್ಲೇನರ್ (ಹಲಗೆಯ ಮೇಲ್ಮೈ ಹೆರೆದು ನುಣ್ಣಗೆ ಮಾಡುವ ಯಂತ್ರ) ಹೊಡೆಸಿ ಕೊಟ್ಟರು, ಅದಕ್ಕೆ ಬೇರೆ ಚಾರ್ಜು.

ಮೇಜು ಆಯಿತು, ಪಾಲಿಶ್ ಕೂಡ ಆಯಿತು. ಮಳೆಗಾಲ ಮುಗಿದು ಗಾಳಿ ಒಣಗುತ್ತಿದ್ದ ಹಾಗೆ ಮೇಲಿನ ಹಲಗೆಗಳು ನಾಡಹೆಂಚಿನ ಹಾಗೆ ಬಾಗಿದವು. ಅಂಟಿಸಿದ ಜಾಗ ಬಾಯಿ ಬಿಟ್ಟಿತು, ಒಂದು ಹಲಗೆ ಸ್ಕ್ರೂ ಹಾಕಿದ ಕಡೆಯಿಂದ ಉದ್ದಕ್ಕೂ ಸೀಳಿತು. ನಮ್ಮ ಬೀದಿಯ ಆಚಾರ್ರು ಬಂದು ಉಳಿದಿದ್ದ ಒಂದು ತುಂಡನ್ನು ಕೈಯಲ್ಲಿ ಎತ್ತಿ ನೋಡಿದವರೇ "ಇದು ಹಸಿ ಮರ ಕಣ್ರೀ" ಅಂದರು. ಆಮೇಲೆ ಆನ್‌ಲೈನ್‌ನಲ್ಲಿ ಮೀಟರ್ ತರಿಸಿ, ಅದೇ ತುಂಡನ್ನು ಮಧ್ಯಕ್ಕೆ ಕೊಯ್ದು ಒಳಗೆ ಚುಚ್ಚಿದರೆ ತೇವ ಇನ್ನೂ ಶೇ 26 ತೋರಿಸುತ್ತಿತ್ತು. ಮನೆಯೊಳಗಿನ ಸಾಮಾನಿಗೆ ಶೇ 12ರ ಆಸುಪಾಸು ಇರಬೇಕು. ಒಂದಿಂಚು ದಪ್ಪದ ಹಲಗೆ ನೆರಳಲ್ಲಿ ಒಣಗಲು ಸುಮಾರು ಒಂದು ವರ್ಷ ಅನ್ನುವುದು ರೂಢಿಯ ಲೆಕ್ಕ. ಎರಡು ವರ್ಷ ಒಣಗಿದ್ದು ಹೀಗೆ ಇರಲು ಸಾಧ್ಯವೇ ಇಲ್ಲ.

ಹಾಗಾದರೆ ಮಿಲ್‌ನಲ್ಲಿ ಅಷ್ಟು ನೆಟ್ಟಗೆ ಹೇಗಿತ್ತು? ಹೊಸಬರು ಏಮಾರುವುದು ಇಲ್ಲೇ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ, ಮರದ ಸಣ್ಣ ಸಣ್ಣ ಕೊಳವೆಗಳ ಒಳಗೆ ಮತ್ತು ಆ ಕೊಳವೆಗಳ ಗೋಡೆಯಲ್ಲಿ. ಮೊದಲು ಹೋಗುವುದು ಒಳಗಿನ ನೀರು, ಅದು ಹೋದರೆ ಮರ ಹಗುರ ಆಗುತ್ತದೆ ಅಷ್ಟೇ, ಆಕಾರ ಬದಲಾಗುವುದಿಲ್ಲ. ತೇವ ಸುಮಾರು ಶೇ 30ಕ್ಕಿಂತ ಕೆಳಗೆ ಇಳಿದಾಗ ಗೋಡೆಯ ನೀರು ಹೋಗಲು ಶುರು, ಕುಗ್ಗುವುದೂ ಆಗಲೇ ಶುರು. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅಗಲದಲ್ಲೂ ಎಲ್ಲ ಕಡೆ ಒಂದೇ ಥರ ಅಲ್ಲ, ಉಂಗುರಗಳ ಗುಂಟ ಕುಗ್ಗುವುದು ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಹೆಚ್ಚುಕಮ್ಮಿ ಎರಡರಷ್ಟು, ಹಲಗೆ ಬಾಗುವುದು ಇದರಿಂದಲೇ. ಅಂದರೆ ಹಸಿ ಹಲಗೆ ಮಿಲ್‌ನಲ್ಲಿ ನೆಟ್ಟಗೇ ಇರುತ್ತದೆ, ಸೊಟ್ಟ ಆಗುವುದು ನಿಮ್ಮ ಮನೆಗೆ ಬಂದ ಮೇಲೆ. ಸಕಲೇಶಪುರದ ಮಳೆಗೂ ಅರಸೀಕೆರೆಯ ಒಣ ಗಾಳಿಗೂ ಎಷ್ಟು ವ್ಯತ್ಯಾಸ ನೋಡಿ, ಆ ಕಡೆ ಮರ ತಂದು ಈ ಕಡೆ ಇಟ್ಟರೆ ಇನ್ನೂ ಜಾಸ್ತಿ ಆಡುತ್ತದೆ, ಅಂದರೆ ಕುಗ್ಗಿ ಬಾಗುತ್ತದೆ.

ವಾಪಸ್ ಹೋಗಿ ಕೇಳಿದೆ. "ಮರ ಅಂದ್ಮೇಲೆ ಆಡುತ್ತೆ ಸಾರ್, ನೀವು ಬಿಸಿಲಿಗೆ ಇಟ್ಟಿರ್ತೀರಿ" ಅಂದರು. ಮರ ಆಡುತ್ತದೆ, ನಿಜ. ಆದರೆ ಒಣಗಿದ ಮರ ಕೂದಲೆಳೆಯಷ್ಟು ಆಡುವುದಕ್ಕೂ, ಬೆರಳು ತೂರುವಷ್ಟು ಬಿರುಕು ಬಿಡುವುದಕ್ಕೂ ಫರಕ್ ಇಲ್ವಾ? ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದುಕೊಂಡೆ, 5 ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿದ್ದದ್ದು ಪೆನ್ಸಿಲ್‌ನಲ್ಲಿ ಗೀಚಿದ ಚೀಟಿ. ಬಿಲ್ ಕೇಳಿದ್ದಕ್ಕೆ ಬುಕ್ ಮುಗಿದಿದೆ ಅಂದಿದ್ದರು.

ಆ ಚೀಟಿ ನೋಡುತ್ತಾ ಕೂತಾಗ ಇನ್ನೊಂದು ವಿಷಯ ಹೊರಬಂತು. ಮರ ಮಾರುವುದು ಸಿಎಫ್‌ಟಿ (ಘನ ಅಡಿ) ಲೆಕ್ಕದಲ್ಲಿ, ಲೆಕ್ಕ ಸುಲಭ, ದಪ್ಪ ಇಂಚಿನಲ್ಲಿ, ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಒಂದಿಂಚು ದಪ್ಪ, 8 ಇಂಚು ಅಗಲ, 6 ಅಡಿ ಉದ್ದದ ಹಲಗೆ ಮೂರು ಸೇರಿದರೆ 1 ಸಿಎಫ್‌ಟಿ. ನನ್ನ ಕೈಗೆ ಬಂದದ್ದು ಮುಕ್ಕಾಲು ಇಂಚು, ಹಾಕಿದ್ದು ಒಂದಿಂಚಿನ ಲೆಕ್ಕ. ಪ್ಲೇನರ್‌ನಲ್ಲಿ ಸ್ವಲ್ಪ ಹೋಗುತ್ತದೆ, ಸರಿ, ಕಾಲು ಇಂಚು ಪೂರ್ತಿ ಹೋಗುತ್ತದಾ? ಕೊಯ್ದಿದ್ದೇ ಕಡಿಮೆ ಇತ್ತು ಅಂತ ನನ್ನ ಅನುಮಾನ. ಪ್ಲೇನರ್‌ಗೆ ಕೊಡುವ ಮೊದಲೇ ಟೇಪ್ ಹಿಡಿಯಿರಿ.

ನೀವು ಹೋದಾಗ ಅಟ್ಟಿಯಿಂದ ಒಂದು ಹಲಗೆ ನೀವೇ ಆರಿಸಿ, ತುದಿಯಿಂದ ಒಂದಡಿ ಬಿಟ್ಟು ಕೊಯ್ಸಿ, ಹೊಸ ಕೊಯ್ತದ ಮೇಲೆ ಮೀಟರ್ ಚುಚ್ಚಿ. ತುದಿ ಬೇಗ ಒಣಗುತ್ತದೆ, ಮೇಲ್ಮೈಯೂ ಅಷ್ಟೇ, ಅಲ್ಲಿ ಚುಚ್ಚಿದರೆ ಸುಳ್ಳು ಲೆಕ್ಕ ಬರುತ್ತದೆ. ಕೊಯ್ಯಲು ಬಿಡದಿದ್ದರೆ ಸುಮ್ನೆ ಬೇರೆ ಕಡೆ ಹೋಗಿ. ಅಟ್ಟಿಯ ಕೆಳಗೆ ಸಣ್ಣ ತೂತುಗಳಿಂದ ಹಿಟ್ಟು ಉದುರಿದ್ದರೂ ಅಷ್ಟೇ, ಹುಳ ಹಿಡಿದಿದೆ. ಮೀಟರ್ ಇಲ್ಲದವರು ಒಂದು ತುಂಡು ಮನೆಗೆ ತಂದು ಅಡುಗೆಮನೆ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ನೋಡಿ. ಇಳಿಯುತ್ತಲೇ ಇದ್ದರೆ ಇನ್ನೂ ಹಸಿ, ನಿಂತರೆ ಆ ಮನೆಯ ಗಾಳಿಗೆ ಅದು ಹೊಂದಿಕೊಂಡಿದೆ.

ನಾನಂತೂ ಈಗ ಹಳೇ ಮನೆ ಕೆಡವಿದ ಕಡೆ ಸಿಗುವ ಹಲಸು, ಹೊನ್ನೆ ತೊಲೆಗಳನ್ನೇ ಹುಡುಕುತ್ತೇನೆ. ಅವು ಯಾವತ್ತೋ ಒಣಗಿ ಮುಗಿದಿವೆ. ಒಳಗೆ ಮುರಿದ ಮೊಳೆ ಇರುತ್ತದೆ, ತೋಪಡ (ಕೈಯಲ್ಲಿ ಮರ ಹೆರೆಯುವ ಸಾಧನ) ಹಾಕುವ ಮುಂಚೆ ಒಂದು ಅಯಸ್ಕಾಂತ ಆಡಿಸಿ, ಇಲ್ಲದಿದ್ದರೆ ಅಲಗು ಹೋಗುತ್ತದೆ.