ಪ್ಲಾನ್ ಏರಿಸಿದ್ದು, ಮೆಶ್ ಹಾಕಿದ್ದು, ಕೇಬಲ್ ಎಳೆದದ್ದು: ನಮ್ಮನೆ ನೆಟ್‌ಗೆ ಯಾವುದು ಕೆಲಸಕ್ಕೆ ಬಂತು

ನಮ್ಮದು ಶಿರಸಿ ಕಡೆ ಹಳ್ಳಿ. ತೋಟದ ಪಕ್ಕ ಹಳೇ ಮನೆ. ಮನೆಯಿಂದಲೇ ಆಫೀಸ್ ಕೆಲಸ ಶುರು ಮಾಡಿದ ಮೇಲೆ ಇದು ನಾಲ್ಕನೇ ಮಳೆಗಾಲ. ಫೈಬರ್ ಇದೆ, 30 ಎಂಬಿಪಿಎಸ್ ಪ್ಲಾನ್, ಸ್ಪೀಡ್ ಟೆಸ್ಟ್ ಮಾಡಿದರೆ 30 ಪೂರ್ತಿ ಬರುತ್ತದೆ. ಆದರೂ ಮೀಟಿಂಗಿನಲ್ಲಿ ನನ್ನ ಮಾತು ತುಂಡು ತುಂಡಾಗಿ ಕೇಳುತ್ತದೆ ಅಂತ ಆ ಕಡೆಯವರು ಹೇಳುತ್ತಲೇ ಇದ್ದರು. ಒಂದು ಸಲ ಮುಖ್ಯವಾದ ಕಾಲ್ ಮಧ್ಯದಲ್ಲೇ ಕಡಿದು ಹೋಯಿತು. ಅವತ್ತಿನಿಂದ ಒಂದು ವರ್ಷ, ಸಿಕ್ಕ ದಾರಿಗಳನ್ನೆಲ್ಲ ಒಂದೊಂದಾಗಿ ಹಿಡಿದು ನೋಡಿದ್ದೇನೆ.

ಏನನ್ನೂ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಒಂದಿದೆ, ನಾನು ಅದನ್ನು ದುಡ್ಡು ಖರ್ಚಾದ ಮೇಲೆ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿ ತೆರೆದು, ಒಂದರಲ್ಲಿ ಮನೆಯ ರೂಟರಿಗೆ ಪಿಂಗ್, ಇನ್ನೊಂದರಲ್ಲಿ 8.8.8.8 ಅನ್ನುವ ಗೂಗಲ್ ವಿಳಾಸಕ್ಕೆ ಪಿಂಗ್, ಇಡೀ ದಿನ ಬಿಟ್ಟುಬಿಡಿ. ಪಿಂಗ್ ಅಂದರೆ ಒಂದು ಪುಟ್ಟ ಸಂದೇಶ ಹೋಗಿ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅನ್ನುವ ಲೆಕ್ಕ. ಮಾತು ಕಡಿದ ಹೊತ್ತಿಗೆ ಎರಡೂ ಏರಿದ್ದರೆ ತಪ್ಪು ಮನೆಯೊಳಗಿನ ವೈಫೈದು. ರೂಟರಿನದು ಸರಿಯಿದ್ದು ಹೊರಗಿನದು ಮಾತ್ರ ಏರಿದ್ದರೆ ತಪ್ಪು ಲೈನಿನದು. ನಮ್ಮನೆಯಲ್ಲಿ ಎರಡೂ ಇತ್ತು. ಬೇರೆ ಬೇರೆ ಹೊತ್ತಿನಲ್ಲಿ ಬರುತ್ತಿದ್ದರಿಂದ ಎಲ್ಲ ಒಂದೇ ಕಾಯಿಲೆ ಅಂದುಕೊಂಡಿದ್ದೆ.

ಮೊದಲು ವೈಫೈ. ಫೈಬರ್ ಬಂದು ಇಳಿಯುವುದು ಜಗುಲಿಗೆ. ನಾನು ಕೂರುವುದು ಅಂಗಳದ ಆಚೆ, ಅಡಿಕೆ ಇಡುತ್ತಿದ್ದ ಕೋಣೆಯಲ್ಲಿ. ನಡುವೆ ಒಂದೂವರೆ ಅಡಿ ದಪ್ಪದ ಎರಡು ಮಣ್ಣಿನ ಗೋಡೆ. ರಿಪೀಟರ್ ತಂದೆ. ಫೋನಿನಲ್ಲಿ ಕಡ್ಡಿ ಪೂರ್ತಿ ತೋರಿಸುತ್ತದೆ, ಕೆಲಸ ಮಾತ್ರ ಆಗಲ್ಲ. ಇಂಥ ಅಗ್ಗದ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು, ಹಾಗಾಗಿ ವೇಗ ಅಲ್ಲೇ ಅರ್ಧ ಹೋಯಿತು. ರೂಟರಿಗೆ ಪಿಂಗ್ 5ರಿಂದ 200 ಮಿಲಿಸೆಕೆಂಡಿನವರೆಗೆ ಕುಣಿಯುತ್ತಿತ್ತು. ಎರಡು ಪೆಟ್ಟಿಗೆ ಸೇರಿ ಒಂದೇ ವೈಫೈ ಹರಡುವ ಮೆಶ್ ಅದಕ್ಕಿಂತ ಎಷ್ಟೋ ವಾಸಿ, ಒಂದನ್ನು ಜಗುಲಿಯ ಕಿಟಕಿಯಲ್ಲಿ, ಇನ್ನೊಂದನ್ನು ಕೋಣೆಯ ಕಿಟಕಿಯಲ್ಲಿ, ಒಂದಕ್ಕೊಂದು ಕಾಣುವ ಹಾಗೆ ಇಟ್ಟ ಮೇಲೆ 4ರಿಂದ 40ರ ಒಳಗೆ ನಿಂತಿತು. ಬಾಡಿಗೆ ಮನೆಯವರಿಗೆ, ಗೋಡೆ ಕೊರೆಯಲು ಆಗದವರಿಗೆ ಅದೇ ಸರಿ.

ಆದರೆ ಕೇಬಲ್ ಕೇಬಲ್ಲೇ. 35 ಮೀಟರ್ ಕ್ಯಾಟ್ 6 ಲ್ಯಾನ್ ಕೇಬಲ್ ತಂದು ಸೂರಿನ ಕೆಳಗೆ ಎಳೆದೆ. ಪಿಂಗ್ 1 ಮಿಲಿಸೆಕೆಂಡಿಗಿಂತ ಕಡಿಮೆ, ಬೆಳಗಿಂದ ಸಂಜೆವರೆಗೆ ಅಲ್ಲಾಡಲಿಲ್ಲ. ಆಮೇಲೆ ಏಪ್ರಿಲ್ ಬಂತು. ನಮ್ಮ ಕಡೆ ಆ ತಿಂಗಳ ಗುಡುಗು ಸಿಡಿಲು ಗೊತ್ತಲ್ವಾ? ಒಂದು ಸಂಜೆ ಎಲ್ಲೋ ಹತ್ತಿರದಲ್ಲೇ ಸಿಡಿಲು ಬಡಿಯಿತು, ಪ್ಲಗ್ ತೆಗೆದೇ ಇಟ್ಟಿದ್ದರೂ ರೂಟರಿನ ಒಂದು ಪೋರ್ಟ್, ಸ್ವಿಚ್, ಲ್ಯಾಪ್‌ಟಾಪಿನ ಡಾಕ್ ಮೂರೂ ಹೋದವು. ಕರೆಂಟಿನ ಪ್ಲಗ್ ತೆಗೆದವನು ಲ್ಯಾನ್ ಕೇಬಲ್ ತೆಗೆದಿರಲಿಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೊರಗಡೆ ಎಳೆದ ತಾಮ್ರದ ತಂತಿ ಸಿಡಿಲಿನ ಹೊತ್ತಿಗೆ ದಾರಿ ಮಾಡಿಕೊಡುತ್ತದೆ.

ಈಗ ಅದೇ ಜಾಗದಲ್ಲಿ ಫೈಬರ್ ಎಳೆದಿದ್ದೇನೆ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್, ಲ್ಯಾನ್ ಕೇಬಲಿನ ಸಿಗ್ನಲನ್ನು ಬೆಳಕಾಗಿಯೂ ಬೆಳಕನ್ನು ಮತ್ತೆ ಸಿಗ್ನಲಾಗಿಯೂ ಮಾಡುವ ಪೆಟ್ಟಿಗೆ. ಒಂದೇ ಎಳೆಯ ಫೈಬರಿಗೆ ಇವನ್ನು ಜೋಡಿಯಾಗಿಯೇ ಕೊಳ್ಳಬೇಕು, ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದರ ಉಲ್ಟಾ. ಒಂದೇ ತರದ ಎರಡು ತಂದರೆ ದೀಪವೇ ಹತ್ತಲ್ಲ. ಗಾಜಿನಲ್ಲಿ ಕರೆಂಟ್ ಹರಿಯಲ್ಲ, ಆದರೆ ಕಂಬದಿಂದ ಮನೆಗೆ ಎಳೆಯುವಂಥ ಡ್ರಾಪ್ ಕೇಬಲಿನ ಪಕ್ಕದಲ್ಲಿ ಆಧಾರಕ್ಕೆ ಅಂತ ಒಂದು ಉಕ್ಕಿನ ತಂತಿ ಇರುತ್ತದೆ, ಅದರಲ್ಲಿ ಹರಿಯುತ್ತದೆ. ಆ ತಂತಿಯನ್ನು ಗೋಡೆಯ ಹೊರಗೇ ಕೊಂಡಿಗೆ ಕಟ್ಟಿ ಕತ್ತರಿಸಿ, ಫೈಬರ್ ಮಾತ್ರ ಒಳಗೆ ತನ್ನಿ. ಹೊರಗಡೆ ಓಡುವ ಲೈನಿಗೆ ನನ್ನ ಮತ ಇದಕ್ಕೇ, ಮಲೆನಾಡಿನಲ್ಲಂತೂ ಬೇರೆ ಮಾತೇ ಇಲ್ಲ.

ಇನ್ನು ಲೈನಿನದು. ಅತ್ತಿಗೆಯ ಫೋನ್ ವೈಫೈ ಸಿಕ್ಕ ಕೂಡಲೇ ಫೋಟೋ, ವಿಡಿಯೋ ಎಲ್ಲ ಬ್ಯಾಕಪ್‌ಗೆ ಏರಿಸಲು ಶುರು ಮಾಡುತ್ತದೆ. ಆಗ ಹೊರಗಿನ ಪಿಂಗ್ 18ರಿಂದ ಸೀದಾ 400ಕ್ಕೆ. ಫೋನಿನ ಮಾತಿಗೆ ಒಂದು ಕಡೆಯ ತಡ 150 ಮಿಲಿಸೆಕೆಂಡಿನ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ. ಇಲ್ಲಿ ತಡವೆಲ್ಲ ಹೋಗುವ ಕಡೆಯಲ್ಲೇ, ಅದು 400ರ ಹತ್ತಿರ ಆದರೆ ಇಬ್ಬರೂ ಒಟ್ಟಿಗೇ ಮಾತಾಡಿ, ಒಟ್ಟಿಗೇ ನಿಲ್ಲಿಸುತ್ತೇವೆ.

ಇದಕ್ಕೆ ಎರಡು ದಾರಿ ನೋಡಿದೆ. ಒಂದು, ಪ್ಲಾನ್ 100ಕ್ಕೆ ಏರಿಸುವುದು. ಇನ್ನೊಂದು, 30ರಲ್ಲೇ ಇದ್ದು ಡೇಟಾ ಕಾಯುವ ಸಾಲನ್ನು ಸರಿ ಮಾಡುವುದು.

ರೂಟರ್, ಓಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ) ಇವುಗಳ ಹೊಟ್ಟೆಯಲ್ಲಿ ಡೇಟಾದ ಪುಟ್ಟ ಕಟ್ಟುಗಳು, ಅಂದರೆ ಪ್ಯಾಕೆಟ್‌ಗಳು ಕಾಯುವ ಜಾಗ ಇರುತ್ತದೆ, ಬಫರ್. ದೊಡ್ಡ ಅಪ್‌ಲೋಡ್ ಬಂದರೆ ಅದು ತುಂಬಿಕೊಳ್ಳುತ್ತದೆ. ಅಂಗಡಿಯಲ್ಲಿ ತಿಂಗಳ ಸಾಮಾನಿನ ಚೀಟಿ ಹಿಡಿದವರ ಹಿಂದೆ ಒಂದು ಬೆಂಕಿಪೊಟ್ಟಣಕ್ಕೆ ಬಂದವನು ನಿಂತ ಹಾಗೆ, ನನ್ನ ಮಾತಿನ ಪುಟ್ಟ ಪ್ಯಾಕೆಟ್ ಆ ವಿಡಿಯೋಗಳ ಹಿಂದೆ ಕಾಯುತ್ತದೆ. ಲೆಕ್ಕ ಸುಲಭ: ಒಂದೂವರೆ ಎಂಬಿ ಕಾಯುತ್ತಿದ್ದರೆ 30 ಎಂಬಿಪಿಎಸ್ ಲೈನಿನಲ್ಲಿ ಅದು ಖಾಲಿಯಾಗಲು 400 ಮಿಲಿಸೆಕೆಂಡ್, 100ರಲ್ಲಿ 120. ಪ್ಲಾನ್ ಏರಿಸಿದಾಗ ನನಗೆ ಸಿಕ್ಕಿದ್ದೂ ಹೆಚ್ಚುಕಮ್ಮಿ ಅಷ್ಟೇ, 130ರ ಆಸುಪಾಸು. ಅಪ್‌ಲೋಡ್ ಬೇಗ ಮುಗಿಯುತ್ತದೆ ನಿಜ, ಆದರೆ ನಡೆಯುವಷ್ಟು ಹೊತ್ತು ಮಾತು ತೊದಲುವುದು ತಪ್ಪಲಿಲ್ಲ. ತಿಂಗಳ ಬಿಲ್ ಮಾತ್ರ ಜಾಸ್ತಿ.

ವಾಪಸ್ 30ಕ್ಕೆ ಬಂದು, ಹಳೇ ರೂಟರಿಗೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿ ಹಾಕಿ, ಅದರಲ್ಲಿ ಎಸ್‌ಕ್ಯೂಎಂ ಅನ್ನುವ ಸಾಲು ನಿಭಾಯಿಸುವ ಸೌಲಭ್ಯ ಆನ್ ಮಾಡಿ ಕೇಕ್ ಅನ್ನುವ ಸಾಲಿನ ಪದ್ಧತಿ ಆರಿಸಿದೆ. ಎರಡೂ ಕಡೆಗೆ 27 ಅಂತ ಮಿತಿ ಕೊಟ್ಟೆ, ಅಂದರೆ ನಿಜವಾದ ವೇಗಕ್ಕಿಂತ ಹತ್ತನೇ ಒಂದು ಭಾಗ ಕಡಿಮೆ. ಹಾಗೆ ಕೊಟ್ಟರೆ ಸಾಲು ಓಎನ್‌ಟಿಯಲ್ಲಿ ಬೆಳೆಯದೆ ನನ್ನ ರೂಟರಿನಲ್ಲೇ ನಿಲ್ಲುತ್ತದೆ, ಇಲ್ಲಿ ಯಾರು ಮೊದಲು ಅನ್ನುವುದು ನನ್ನ ಕೈಯಲ್ಲಿ. ಅತ್ತಿಗೆಯ ಬ್ಯಾಕಪ್ ಓಡುತ್ತಿರುವಾಗಲೇ ಪಿಂಗ್ ನೋಡಿದೆ. 22, 25, 24, 26. ನಂಬಲಾಗದೆ ಎಸ್‌ಕ್ಯೂಎಂ ಆಫ್ ಮಾಡಿದೆ, ಮತ್ತೆ 390. ಆನ್ ಮಾಡಿದೆ, 24. ಸ್ಪೀಡ್ ಟೆಸ್ಟಿನಲ್ಲಿ ಮೂರು ಎಂಬಿಪಿಎಸ್ ಹೋಯಿತು, ಮಾತು ತುಂಡಾಗುವುದು ಅವತ್ತೇ ನಿಂತಿತು.

ಇದರ ಹಿಂದೆ ತುಂಬ ಜನರ ದುಡಿಮೆ ಇದೆ. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಹತ್ತಿರ ಹತ್ತಿರ ಇದ್ದ ಎರಡು ಸಂಸ್ಥೆಗಳ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ ಬರೀ 40 ಬಿಟ್‌ಗೆ ಕುಸಿದಿತ್ತು. ವ್ಯಾನ್ ಜೇಕಬ್ಸನ್ ಆಗ ದಟ್ಟಣೆ ನೋಡಿ ಹಿಂದೆ ಸರಿಯುವುದನ್ನು ಟಿಸಿಪಿಗೆ, ಅಂದರೆ ಇಂಟರ್ನೆಟ್ಟಿನಲ್ಲಿ ಡೇಟಾ ಕಳಿಸುವ ನಿಯಮಕ್ಕೆ, ಕಲಿಸಿದರು. ಅವರೇ 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ಕೊಡೆಲ್ ತಂದರು. ಸಾಲು ಎಷ್ಟು ಉದ್ದ ಅಂತ ನೋಡುವ ಬದಲು, ಪ್ಯಾಕೆಟ್ ಎಷ್ಟು ಹೊತ್ತು ಕಾದಿತು ಅಂತ ನೋಡುವ ಪದ್ಧತಿ ಅದು. ಕೇಕ್ ಅದೇ ಬಳ್ಳಿಯದು, 2018ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಪುಕ್ಕಟೆ ಸಿಗುವ ಇಂಥದ್ದನ್ನು ಬಿಟ್ಟು ಜನ ಪ್ಲಾನ್ ಮೇಲೆ ಪ್ಲಾನ್ ಏರಿಸುತ್ತಾರಲ್ಲ ಅಂತ ಬೇಜಾರಾಗುತ್ತದೆ.

ಗೂಗಲ್ 2016ರಲ್ಲಿ ಹೊರಬಿಟ್ಟ, ದಟ್ಟಣೆ ತಡೆಯುವ ಬಿಬಿಆರ್ ಪದ್ಧತಿಯನ್ನೂ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ. ಕಳಿಸುವವರ ಕಡೆ ಮಾತ್ರ ಕೆಲಸ ಮಾಡುವಂಥದ್ದು. ನನ್ನ ಅಪ್‌ಲೋಡ್ ಸಾಧುವಾಯಿತು, ಅತ್ತಿಗೆಯ ಫೋನಿಗೆ ಅದರಿಂದ ಏನೂ ಆಗಲ್ಲ. ಮನೆಗೆಲ್ಲ ಬೇಕಾದರೆ ರೂಟರಿನಲ್ಲೇ ಮಾಡಬೇಕು.

ಕೊನೆಗೆ ಲೈನೇ ಹೋಗುವ ಕಥೆ. ಹಿಂದಿನ ವರ್ಷ ಮಳೆ ಜೋರಾದಾಗೆಲ್ಲ ಓಎನ್‌ಟಿಯಲ್ಲಿ ಕೆಂಪು ದೀಪ. ಬೆನ್ನಿಗೆ ಇರಲಿ ಅಂತ 4ಜಿ ರೂಟರ್ ತಂದೆ. ಎರಡನ್ನೂ ಒಟ್ಟಿಗೆ ಓಡಿಸಿ ನೋಡಿದೆ, ಬ್ಯಾಂಕಿನ ಸೈಟ್ ಪದೇ ಪದೇ ಹೊರಗೆ ಹಾಕುತ್ತದೆ, ಆಫೀಸಿಗೆ ಜೋಡಿಸುವ ವಿಪಿಎನ್ ಕಡಿಯುತ್ತದೆ, ಯಾಕೆಂದರೆ ನಮ್ಮನೆ ನೆಟ್ ಅವರಿಗೆ ಒಂದು ಸಲ ಈ ವಿಳಾಸದಿಂದ, ಇನ್ನೊಂದು ಸಲ ಆ ವಿಳಾಸದಿಂದ ಬಂದ ಹಾಗೆ ಕಾಣುತ್ತದೆ. ಒಂದು ಬಿದ್ದರೆ ಮಾತ್ರ ಇನ್ನೊಂದು ಏಳುವ ಹಾಗೆ ಇಡುವುದೇ ಸರಿ. ಅದಕ್ಕೂ ಲ್ಯಾನ್ ದೀಪವನ್ನು ನಂಬಬೇಡಿ, ಹೊರಗೆ ಫೈಬರ್ ತುಂಡಾಗಿದ್ದರೂ ಓಎನ್‌ಟಿಗೂ ರೂಟರಿಗೂ ನಡುವಿನ ದೀಪ ಹಸಿರಾಗಿಯೇ ಇರುತ್ತದೆ. ಹೊರಗಿನ ಎರಡು ವಿಳಾಸಕ್ಕೆ ಪಿಂಗ್ ಇಡಿ, ಎರಡೂ ಉತ್ತರ ಕೊಡದಿದ್ದರೆ ಬದಲಾಗಲಿ. ನಮ್ಮಲ್ಲಿ 15 ಸೆಕೆಂಡಿನಲ್ಲಿ ಬದಲಾಗುತ್ತದೆ. ಆದರೆ ಕರೆಂಟ್ ಹೋಗಿ ಎರಡನೇ ದಿನವಾದರೆ ಟವರ್ ಕೂಡ ಮಲಗುತ್ತದೆ, ಓಎನ್‌ಟಿಗೆ ಹಾಕಿದ 12 ವೋಲ್ಟಿನ ಚಿಕ್ಕ ಯುಪಿಎಸ್ಸಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಫೈಬರ್ ಮಾತ್ರ ನಡೆಯುತ್ತದೆ.

ಇಷ್ಟೆಲ್ಲ ಆದ ಮೇಲೆ ಲೈನ್ ನೋಡಲು ಬಂದ ಹುಡುಗ ಪವರ್ ಮೀಟರ್ ಹಚ್ಚಿ, "ಅಣ್ಣ, ಇಲ್ಲಿ -27 ಬರ್ತಾ ಇದೆ, ಇದು ತೀರಾ ಅಂಚು" ಅಂದ. ಫೈಬರಿನಲ್ಲಿ ಬಂದು ಸೇರುವ ಬೆಳಕಿನ ಅಳತೆ ಅದು, ಡಿಬಿಎಂ ಲೆಕ್ಕದಲ್ಲಿ, ಸೊನ್ನೆಗೆ ಹತ್ತಿರವಾದಷ್ಟೂ ಬೆಳಕು ಜಾಸ್ತಿ. ಬೆಳಕು ಅದಕ್ಕಿಂತ ಕಡಿಮೆಯಾದರೆ ಓಎನ್‌ಟಿಗೆ ಕಾಣುವುದೇ ಕಷ್ಟ. ಕಂಬದಿಂದ ಮನೆವರೆಗೆ ಬೆರಳು ಹಿಡಿದು ಬಂದ. ಕಿಟಕಿಯ ಚೌಕಟ್ಟಿನ ಮೂಲೆಯಲ್ಲಿ ಕೇಬಲನ್ನು ಚೂಪಾಗಿ ಮಡಿಸಿ ಕ್ಲಿಪ್ ಹೊಡೆದಿತ್ತು. ಅಪ್ಪ ಚೆಂದ ಕಾಣಲಿ ಅಂತ ಹೊಡೆದದ್ದು. ಕ್ಲಿಪ್ ಕಿತ್ತು, ತಟ್ಟೆಯಷ್ಟು ದೊಡ್ಡ ಸುತ್ತು ಮಾಡಿ, ಕನೆಕ್ಟರ್ ಒರೆಸಿ ಹಾಕಿದ. -21. ಹತ್ತು ನಿಮಿಷದ ಕೆಲಸ. ಈ ನಂಬರು ಓಎನ್‌ಟಿಯ ಪುಟದಲ್ಲೇ ಆರ್‌ಎಕ್ಸ್ ಪವರ್ ಅಂತ ಇರುತ್ತದೆ, ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ. ಈಗ ಪ್ರತಿ ಭಾನುವಾರ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಈ ಜುಲೈ ಪೂರ್ತಿ -21, -22. ಕೆಂಪು ದೀಪ ಬಂದದ್ದು ಒಂದೇ ಸಲ, ಹಲಸಿನ ಕೊಂಬೆ ಮುರಿದು ಕೇಬಲ್ ಮೇಲೆ ಬಿದ್ದ ದಿನ.