ಹಕ್ಕಿ ಹಾಡು: ಕುಳಿತು ಓದುವುದಕ್ಕಲ್ಲ

ಡೇನಿಷ್ ಆಳ್ವಿಕೆಯಲ್ಲಿದ್ದ, ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳ ಕವಿ ನೋಲ್ಸೋಯರ್ ಪಾಲ್ 1806-07ರಲ್ಲಿ ಕಟ್ಟಿದ ‘ಫುಗ್ಲಾಕ್ವೈಯಿ’ 229 ಪದ್ಯಗಳ ವಿಡಂಬನೆ. ಡೇನಿಷ್ ಅಧಿಕಾರಿಗಳು ಇಲ್ಲಿ ಬೇಟೆಹಕ್ಕಿಗಳು. ಕೆಂಪು ಕೊಕ್ಕಿನ ಕಡಲಹಕ್ಕಿ ಚಾಲ್ದುರ್ ಚಿಕ್ಕ ಹಕ್ಕಿಗಳನ್ನು ಎಚ್ಚರಿಸುತ್ತದೆ. ಆ ಹಕ್ಕಿ ಕವಿಯೇ.

ಸುಮ್ಮನೆ ಓದಿದರೆ ಅರ್ಧಕ್ಕೇ ಆಕಳಿಕೆ ಬರುತ್ತದೆ, ಏಕೆಂದರೆ ಇದು ಕುಣಿಯುವ ಹಾಡು. ಕೈಕೈ ಹಿಡಿದ ಸಾಲು, ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು. ವಾದ್ಯವಿಲ್ಲ, ತಾಳವೆಲ್ಲ ಕಾಲಿನದ್ದೇ. ಮುಂದಾಳು ಪದ್ಯ ಎತ್ತುತ್ತಾನೆ, ಪಲ್ಲವಿಗೆ ಎಲ್ಲರ ಗಂಟಲೂ ಕೂಡುತ್ತದೆ.

ದ್ವೀಪಗಳ ವ್ಯಾಪಾರದ ಮೇಲೆ ಡೇನಿಷ್ ರಾಜಮನೆತನದ ಏಕಸ್ವಾಮ್ಯ 1856ರವರೆಗೂ ಇತ್ತು. ಅದರ ವಿರುದ್ಧ ಹೋರಾಡಿದ ಪಾಲ್, ಒಡೆದ ಹಡಗೊಂದನ್ನು ಕೊಂಡು 1804ರಲ್ಲಿ ‘ರಾಯಿಂಡಿನ್ ಫ್ರೂಯಿಯಾ’ ಎಂಬ ತನ್ನದೇ ಹಡಗು ಕಟ್ಟಿಸಿದ್ದ. ಇಷ್ಟು ತಿಳಿದು ಕೇಳಿ, ಬೈಗುಳ ಯಾರಿಗೆಂದು ಹೊಳೆಯುತ್ತದೆ. ಹಕ್ಕಿಗಳ ಪಟ್ಟಿ ಮಾತ್ರ ತುಸು ಉದ್ದವೇ.