ಅಮೆರಿಕದ ರಫ್ತು ಲೈಸೆನ್ಸ್: ನೀವೇ ನೋಡ್ತೀರಾ, ಬಿಐಎಸ್‌ಗೆ ಕೇಳ್ತೀರಾ, ವಕೀಲರ ಹತ್ತಿರ ಹೋಗ್ತೀರಾ?

ಅಮೆರಿಕದಿಂದ ಸರಕು ಕಳಿಸಲು ಲೈಸೆನ್ಸ್ ಬೇಕಾ ಅಂತ ತಿಳಿಯಲು ಈ ಮೂರು ದಾರಿ. ದುಡ್ಡು ಜಾಸ್ತಿ ಖರ್ಚಾಗುವುದು ವಕೀಲರಿಗೆ. ಬಿಐಎಸ್ (ರಫ್ತು ನಿಯಂತ್ರಣ ನೋಡಿಕೊಳ್ಳುವ ಅಮೆರಿಕದ ವಾಣಿಜ್ಯ ಇಲಾಖೆಯ ಕಚೇರಿ) ಮಾಡಿಕೊಡುವ ಸರಕಿನ ವರ್ಗೀಕರಣಕ್ಕೆ ಶುಲ್ಕ ಇಲ್ಲ, ಆದರೆ ಕಾಯಬೇಕು. ತಯಾರಕರೇ ಇಸಿಸಿಎನ್ ಸಂಖ್ಯೆ (ಸರಕಿನ ರಫ್ತು ವರ್ಗ ಹೇಳುವ ಕೋಡ್) ಕೊಟ್ಟಿದ್ದರೆ ನೀವೇ ರಫ್ತು ನಿಯಮಗಳಲ್ಲಿರುವ ದೇಶಗಳ ಪಟ್ಟಿಯಲ್ಲಿ ತಾಳೆ ನೋಡಿ, ಸುಮ್ನೆ ಅರ್ಜಿ ಯಾಕೆ? ಎನ್‌ಕ್ರಿಪ್ಷನ್, ಸೆನ್ಸರ್‌ನಂಥ ಗೊಂದಲದ ಸರಕಾದರೆ ಬಿಐಎಸ್‌ನ ಲಿಖಿತ ಉತ್ತರ ಕೈಯಲ್ಲಿರುವುದೇ ವಾಸಿ.

ಆದರೆ ಆ ಉತ್ತರ ಹೇಳುವುದು ಸರಕಿನ ವರ್ಗ ಮಾತ್ರ. ಕೊಳ್ಳುವವರು ನಿರ್ಬಂಧಿತರ ಪಟ್ಟಿಯಲ್ಲಿದ್ದಾರಾ ಅಂತ ನೀವೇ ನೋಡಬೇಕು. ಇಲ್ಲೇ ಜನ ಎಡವುವುದು. ‘ಇಎಆರ್99’ (ನಿರ್ದಿಷ್ಟ ಇಸಿಸಿಎನ್ ಇಲ್ಲದ ಮಾಮೂಲಿ ಸರಕಿನ ವರ್ಗ) ಅಂದ ತಕ್ಷಣ ಲೈಸೆನ್ಸ್ ಬೇಡ ಅಂದ್ಕೋಬೇಡಿ. ಕ್ಯೂಬಾಗೆ ಮಾಮೂಲಿ ಬೋಲ್ಟ್ ಕಳಿಸಲೂ ಸಾಮಾನ್ಯವಾಗಿ ಬೇಕು. ಇರಾನ್ ಆದರೆ ಒಫ್ಯಾಕ್ (ಆರ್ಥಿಕ ನಿರ್ಬಂಧ ನೋಡಿಕೊಳ್ಳುವ ಅಮೆರಿಕದ ಖಜಾನೆ ಇಲಾಖೆಯ ಕಚೇರಿ) ನಿಯಮವೂ ಸೇರಿಕೊಳ್ಳುತ್ತದೆ. ಅಂಥ ಆರ್ಡರ್‌ಗೆ ವಕೀಲರ ಫೀಸು ವ್ಯರ್ಥವಲ್ಲ.